ಗೋರಿಪಾಳ್ಯದಿಂದ ಬಹರೈನ್‌ಗೆ: ದಾದಿಯರ ದಾರಿ

ಉರ್ದು, ಕನ್ನಡ ಎರಡನ್ನೂ ಓದಿ ಬೆಳೆದ ನಮಗೆ ಬಾಲ್ಯದಲ್ಲಿ ಒಂದು ಪದ ಬಹಳ ಗೊಂದಲ ಉಂಟುಮಾಡುತ್ತಿತ್ತು. ಮನೆಯಲ್ಲಿ ದಾದಿ ಎಂದರೆ ಅಪ್ಪನ ತಾಯಿ. ಕನ್ನಡ ಪಾಠದಲ್ಲಿ ದಾದಿ ಎಂದರೆ ಆಸ್ಪತ್ರೆಯಲ್ಲಿ ಬಿಳಿ ಉಡುಪು ತೊಟ್ಟು ರೋಗಿಗಳ ಆರೈಕೆ ಮಾಡುವ ಹೆಂಗಸು. ಮೊದಲನೆಯ ದಾದಿಗೆ ಮನೆಯಲ್ಲಿ ಸಿಗುತ್ತಿದ್ದ ಗೌರವ ಎರಡನೆಯ ದಾದಿಗೆ ಮೊಹಲ್ಲಾದಲ್ಲಿ ಸಿಗುತ್ತಿರಲಿಲ್ಲ. ಉರ್ದುವಿನಲ್ಲಿ ರೋಗಿಯನ್ನು ನೋಡಿ ಬರುವುದಕ್ಕೆ ಅಯಾದತ್ ಎನ್ನುತ್ತಾರೆ, ಪಕ್ಕದಲ್ಲೇ ಕೂತು ಆರೈಕೆ ಮಾಡುವುದಕ್ಕೆ ತೀಮಾರದಾರಿ. ಅಯಾದತ್‌ನ ಪುಣ್ಯದ ಬಗ್ಗೆ ಎಷ್ಟೋ ಬಯಾನ್‌ಗಳನ್ನು ಕೇಳಿದ್ದೇವೆ. ತೀಮಾರದಾರಿಯನ್ನು ಸಂಬಳಕ್ಕೆ ಮಾಡುವ ಹುಡುಗಿಗೆ ಗಂಡು ಸಿಗುವುದು ಕಷ್ಟ ಎಂಬ ಮಾತನ್ನೂ ಅಷ್ಟೇ ಸಲ ಕೇಳಿದ್ದೇವೆ.

ಗೋರಿಪಾಳ್ಯದಲ್ಲಿ ನಮಗೆ ಗೊತ್ತಿರುವ ಒಂದು ಮನೆಯ ಹುಡುಗಿ ಪಿಯುಸಿ ಮುಗಿಸಿ, ವಿಜಯನಗರದ ಕಡೆಯ ಕಾಲೇಜೊಂದರಲ್ಲಿ ಜಿ.ಎನ್.ಎಂ. ನರ್ಸಿಂಗ್‌ಗೆ ಸೇರಿದಾಗ ಆ ಮನೆಯಲ್ಲಿ ದೊಡ್ಡ ರಂಪವಾಗಿತ್ತು. ತಂದೆ ಆಟೋ ಓಡಿಸುವವರು, ಅವರು ಒಪ್ಪಿದರು. ಒಪ್ಪದವರು ದಾದಿ. "ನಮ್ಮ ಖಾಂದಾನಿನಲ್ಲಿ ಯಾರೂ ಪರರ ಹೇಲು ಉಚ್ಚೆ ಬಳಿದಿಲ್ಲ" ಎಂದು ಮುದುಕಿ ಹಟ ಹಿಡಿದರು. ಹುಡುಗಿ ತಣ್ಣಗೆ, "ನಾಳೆ ನೀವು ಹಾಸಿಗೆ ಹಿಡಿದರೆ ಯಾರು ಮಾಡ್ತಾರೆ ದಾದಿ?" ಎಂದಳಂತೆ. ಓದು ಮುಗಿದ ಮೇಲೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದು, 2013ರಲ್ಲಿ ಅವಳು ಬಹರೈನ್‌ಗೆ ಹೋದಳು. "ಸುತ್ತ ನೀರಂತೆ, ನಡುವೆ ಊರಂತೆ, ಅಲ್ಲಿ ನಮ್ಮವರು ಯಾರಿದ್ದಾರೆ?" ಎಂದು ದಾದಿ ನಮ್ಮನ್ನು ಕೇಳಿದ್ದರು. ಆಗ ನಮ್ಮ ಬಳಿ ಉತ್ತರ ಇರಲಿಲ್ಲ. ಉತ್ತರ ಹುಡುಕುತ್ತ ಹೋದಾಗ ಸಿಕ್ಕ ಚರಿತ್ರೆ ನಾವು ಎಣಿಸಿದ್ದಕ್ಕಿಂತ ಹಳೆಯದಾಗಿತ್ತು.

ಅರಬ್ಬಿಯಲ್ಲಿ ಬಹರೈನ್ ಎಂದರೆ ಎರಡು ಕಡಲು. ಈ ದ್ವೀಪಸಮೂಹವನ್ನು ಸೌದಿ ಅರೇಬಿಯಾದ ನೆಲಕ್ಕೆ ಜೋಡಿಸುವ ಸುಮಾರು 25 ಕಿಲೋಮೀಟರ್ ಉದ್ದದ ಸೇತುವೆ ತೆರೆದದ್ದು 1986ರಲ್ಲಿ. ಅದಕ್ಕೂ ಮೊದಲು ಅಲ್ಲಿಗೆ ಹೋಗಲು ಹಡಗು, ಇಲ್ಲವೇ ವಿಮಾನ. ಬೊಂಬಾಯಿಯಿಂದ ಕೊಲ್ಲಿಯ ಬಂದರುಗಳಿಗೆ ಓಡುತ್ತಿದ್ದ ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಕೊನೆಯದಾದ 'ದ್ವಾರಕಾ' 1982ರವರೆಗೂ ಓಡಿತು. 1947ರವರೆಗೆ ಕೊಲ್ಲಿಯ ಬ್ರಿಟಿಷ್ ಪ್ರತಿನಿಧಿಗಳು ಭಾರತ ಸರ್ಕಾರದ ಅಧೀನದಲ್ಲಿದ್ದರು. ರೂಪಾಯಿ ಅಲ್ಲಿ 1965ರವರೆಗೆ ಚಲಾವಣೆಯಲ್ಲಿತ್ತು, ದಿನಾರ್ ಬಂದದ್ದು ಆಮೇಲೆ. ಮುದುಕಿ ದೂರದ ನೀರಿನ ನಡುವಿನ ಊರೆಂದು ಹೆದರಿದ ಜಾಗ ಅವರ ಯೌವನದಲ್ಲಿ ನಮ್ಮ ರೂಪಾಯಿಯನ್ನೇ ಎಣಿಸುತ್ತಿತ್ತು!

ಅಲ್ಲಿ ಆಧುನಿಕ ಆಸ್ಪತ್ರೆ ಕಟ್ಟಿದವರು ಅಮೆರಿಕದ ಕ್ರೈಸ್ತ ಮಿಷನರಿಗಳು. ಮನಾಮಾದಲ್ಲಿ 1903ರಲ್ಲಿ ಮೇಸನ್ ಸ್ಮಾರಕ ಆಸ್ಪತ್ರೆ ತೆರೆಯಿತು. ಅದೇ ಇಂದಿನ ಅಮೆರಿಕನ್ ಮಿಷನ್ ಆಸ್ಪತ್ರೆ. ಎಣ್ಣೆ ಸಿಕ್ಕಿದ್ದು 1932ರಲ್ಲಿ, ಅಂದರೆ ಮುತ್ತು ತೆಗೆದು ಬದುಕುತ್ತಿದ್ದ ಬಡ ದ್ವೀಪದಲ್ಲೇ ಈ ಆಸ್ಪತ್ರೆ ಬೇರುಬಿಟ್ಟಿತ್ತು. 1921ರಲ್ಲಿ ಅರೇಬಿಯಾಕ್ಕೆ ಬಂದ ಕಾರ್ನೆಲಿಯಾ ಡಾಲೆನ್‌ಬರ್ಗ್ ಎಂಬ ಅಮೆರಿಕನ್ ನರ್ಸನ್ನು ಅಲ್ಲಿಯ ಹೆಂಗಸರು ಶರೀಫಾ ಎಂದು ಕರೆದರು. ಪರಧರ್ಮದ, ಪರದೇಶದ ಒಬ್ಬ ನರ್ಸಿಗೆ ಅರಬ್ ಮುಸ್ಲಿಮ್ ತಾಯಂದಿರು ಕೊಟ್ಟ ಹೆಸರು 'ಗೌರವಾನ್ವಿತೆ'. ನಮ್ಮ ಮೊಹಲ್ಲಾಗಳಲ್ಲಿ ನರ್ಸಿಗೆ ಇಟ್ಟ ಹೆಸರುಗಳನ್ನು ಇಲ್ಲಿ ಬರೆಯದಿರುವುದೇ ಲೇಸು. ಈ ಮಿಷನ್ ನಡೆಸುತ್ತಿದ್ದ ಚರ್ಚಿನದೇ ಇನ್ನೊಂದು ಶಾಖೆ ನಮ್ಮ ಪಕ್ಕದ ಆರ್ಕಾಟ್ ಸೀಮೆಯಲ್ಲಿತ್ತು. ಅದಕ್ಕೆ ಸೇರಿದ ಡಾ. ಐಡಾ ಸ್ಕಡರ್ ವೆಲ್ಲೂರಿನಲ್ಲಿ 1909ರಲ್ಲಿ ನರ್ಸಿಂಗ್ ಶಾಲೆ ಆರಂಭಿಸಿದರು. ದಕ್ಷಿಣ ಭಾರತದ ಹುಡುಗಿಯರು ಈ ಕೆಲಸಕ್ಕೆ ಬಂದದ್ದು ಇಂತಹ ಶಾಲೆಗಳಿಂದ. ಅವರಲ್ಲಿ ಬಹುಪಾಲು ಕ್ರೈಸ್ತರು. ಮೇಲುಜಾತಿಯ ಹಿಂದೂಗಳು ಮೈಲಿಗೆಯ ಭಯದಿಂದ, ನಾವು ಪರ್ದಾ ಮತ್ತು ರಾತ್ರಿಪಾಳಿಯ ಭಯದಿಂದ ದೂರ ನಿಂತೆವು. ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಾಗ ಈ ದೇಶದಲ್ಲಿ ಸುಮಾರು 43,000 ಜನರಿಗೆ ಒಬ್ಬ ನರ್ಸ್ ಇದ್ದಳು.

ಪರ್ದಾದ ವಾದ ಮಾಡುವವರು ರುಫೈದಾ ಅಸ್ಲಮಿಯಾರನ್ನು ಮರೆಯುತ್ತಾರೆ. ಹಿಜರಿ 5ರ ಖಂದಕ್ ಯುದ್ಧದಲ್ಲಿ ಸಅದ್ ಇಬ್ನ್ ಮುಆಝ್ ಬಾಣ ತಾಗಿ ಗಾಯಗೊಂಡಾಗ ಪ್ರವಾದಿಯವರು(ಸ) ಅವರನ್ನು ಮದೀನಾದ ಮಸೀದಿಯಲ್ಲಿದ್ದ ರುಫೈದಾರ ಡೇರೆಗೆ ಸೇರಿಸಲು ಹೇಳಿದರೆಂದು ಚರಿತ್ರೆಕಾರರು ಬರೆದಿದ್ದಾರೆ. ಗಾಯಾಳು ಗಂಡಸು, ಆರೈಕೆ ಮಾಡಿದವರು ಹೆಂಗಸು, ಜಾಗ ಮಸೀದಿ. ಇದನ್ನು ಹೇಳಿದಾಗ ನಮ್ಮ ಹುಡುಗಿಯ ದಾದಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಜಿಹಾದ್, ಇದು ನೌಕರಿ" ಎಂದರು. ವಾದದಲ್ಲಿ ಅವರನ್ನು ಗೆದ್ದವರಿಲ್ಲ.

ಇನ್ನು ನಮ್ಮ ಪಶ್ಚಿಮ ಬೆಂಗಳೂರಿನ ಪಾಲು. ರಾಜಾಜಿನಗರ ಕಾರ್ಖಾನೆ ಮತ್ತು ಕಾರ್ಮಿಕರ ಬಡಾವಣೆಯಾಗಿ ಬೆಳೆದದ್ದು. 1958ರಲ್ಲಿ ಇ.ಎಸ್.ಐ. ಯೋಜನೆ ರಾಜ್ಯಕ್ಕೆ ಬಂದ ಮೇಲೆ ಇಲ್ಲಿಯ ಇ.ಎಸ್.ಐ. ಆಸ್ಪತ್ರೆ ಮಿಲ್ಲು, ಫ್ಯಾಕ್ಟರಿಗಳ ಸಂಸಾರಗಳಿಗೆ ಆಸರೆಯಾಯಿತು. ನಮ್ಮವರು ನರ್ಸಮ್ಮ ಎಂಬುವವರನ್ನು ಹತ್ತಿರದಿಂದ ಕಂಡದ್ದು ಅಲ್ಲಿ. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ನಂತರದ ವರ್ಷಗಳಲ್ಲಿ ನರ್ಸಿಂಗ್ ಕಾಲೇಜುಗಳು ಮಳೆಗಾಲದ ಅಣಬೆಗಳಂತೆ ಎದ್ದವು. ಮಾಗಡಿ ರಸ್ತೆ, ವಿಜಯನಗರ, ನಾಗರಬಾವಿ, ಕೆಂಗೇರಿ ಹೀಗೆ ಎಲ್ಲೆಡೆ ಕಾಲೇಜು, ಪಕ್ಕದಲ್ಲಿ ಹಾಸ್ಟೆಲ್, ಅದರ ಪಕ್ಕದಲ್ಲಿ ಬಾಳೆಕಾಯಿ ಚಿಪ್ಸ್ ಅಂಗಡಿ. ಓದಲು ಬಂದವರಲ್ಲಿ ಹೆಚ್ಚಿನವರು ಮಲಯಾಳಿಗಳು. ಒಂದೆರಡು ಕಿಲೋಮೀಟರ್ ದೂರದ ಗೋರಿಪಾಳ್ಯ, ಪಾದರಾಯನಪುರಗಳ ಹುಡುಗಿಯರು ಮನೆಯಲ್ಲಿ ಕೂತು ಅಗರಬತ್ತಿ ಹೊಸೆಯುತ್ತಿದ್ದ ಕಾಲದಲ್ಲಿ, ಕೊಟ್ಟಾಯಂನ ಹುಡುಗಿ ಇಲ್ಲಿಗೆ ಬಂದು ಓದಿ ಕೊಲ್ಲಿಗೆ ಹಾರಿಹೋದಳು. ಕಾಲೇಜು ನಮ್ಮ ಬಾಗಿಲಲ್ಲಿತ್ತು, ನಾವು ಒಳಗೆ ಹೋಗಲಿಲ್ಲ. ಇದಕ್ಕೆ ಸರ್ಕಾರವನ್ನೊಂದನ್ನೇ ದೂರುವುದು ನ್ಯಾಯವಲ್ಲ.

ಹೋದವರ ದಾರಿ ಹೂವಿನದಾಗಿರಲಿಲ್ಲ. ನಮ್ಮ ಹುಡುಗಿ ದುಡಿದ ಆಸ್ಪತ್ರೆ ಬಾಂಡ್ ಬರೆಸಿಕೊಂಡು ಮೂಲ ಅಂಕಪಟ್ಟಿಗಳನ್ನು ಬೀರುವಿನಲ್ಲಿ ಇಟ್ಟುಕೊಂಡಿತ್ತು. ಬಿಡಿಸಿಕೊಳ್ಳಲು ಮೂರು ತಿಂಗಳ ಸಂಬಳದಷ್ಟು ದುಡ್ಡು ಕಟ್ಟಬೇಕಾಯಿತು. ಈ ರೋಗ ದೇಶಕ್ಕೆಲ್ಲ ಇತ್ತು. 2011-12ರಲ್ಲಿ ದೆಹಲಿ, ಮುಂಬಯಿ, ಕೇರಳಗಳಲ್ಲಿ ಖಾಸಗಿ ಆಸ್ಪತ್ರೆಗಳ ನರ್ಸುಗಳು ಮುಷ್ಕರ ಹೂಡಿದ್ದು ಬಾಂಡ್ ಮತ್ತು ಅರೆಸಂಬಳದ ವಿರುದ್ಧವೇ. ಸುಪ್ರೀಂ ಕೋರ್ಟಿನ 2016ರ ಆದೇಶದಂತೆ ರಚನೆಯಾದ ಸಮಿತಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ನರ್ಸಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದೆಂದು ಶಿಫಾರಸು ಮಾಡಿತು. ಶಿಫಾರಸು ಕಾಗದದ ಮೇಲಿದೆ.

ಏಜೆಂಟನಿಗಾಗಿ ಅವಳ ತಾಯಿಯ ಬಳೆಗಳು ಗಿರವಿ ಅಂಗಡಿ ಸೇರಿದವು. ಕೊಲ್ಲಿಯ ಕೆಲಸಕ್ಕೆಂದು ನರ್ಸುಗಳಿಂದ ಲಕ್ಷಗಟ್ಟಲೆ ಸುಲಿಯುತ್ತಿದ್ದ ಹಗರಣಗಳು ಹೊರಬಿದ್ದ ಮೇಲೆ, 2015ರಲ್ಲಿ ಕೇಂದ್ರ ಸರ್ಕಾರ ಬಹರೈನ್ ಸೇರಿದಂತೆ 18 ದೇಶಗಳಿಗೆ ಹೋಗುವ ನರ್ಸುಗಳಿಗೆ ವಲಸೆ ಅನುಮತಿ ಕಡ್ಡಾಯ ಮಾಡಿ, ನೇಮಕಾತಿಯನ್ನು ಸರ್ಕಾರಿ ಸಂಸ್ಥೆಗಳಿಗೆ ವಹಿಸಿತು. ಆಗ ಅಂತಹ ಸಂಸ್ಥೆಗಳು ಇದ್ದದ್ದು ಕೇರಳದಲ್ಲಿ: ನೋರ್ಕಾ ರೂಟ್ಸ್ ಮತ್ತು ಒಡೆಪೆಕ್. ಕರ್ನಾಟಕದ ಹುಡುಗಿಯರಿಗೆ ತಮ್ಮದೇ ಬಾಗಿಲು ಇರಲಿಲ್ಲ. ರಾಜ್ಯದ ಕೌಶಲ್ಯಾಭಿವೃದ್ಧಿ ನಿಗಮ ಅಂತಾರಾಷ್ಟ್ರೀಯ ವಲಸೆ ಕೇಂದ್ರ ತೆರೆದದ್ದು ಆಮೇಲೆ. ನೋಂದಾಯಿತ ಏಜೆಂಟನೂ 30,000 ರೂಪಾಯಿ ಮತ್ತು ಜಿ.ಎಸ್.ಟಿ.ಗಿಂತ ಒಂದು ಪೈಸೆ ಹೆಚ್ಚು ಕೇಳುವಂತಿಲ್ಲ. ಈ ಮಾತನ್ನು ಜುಮಾ ನಮಾಜಿನ ನಂತರ ಹೇಳಿದರೆ ಎಷ್ಟೋ ಮನೆಗಳ ಚಿನ್ನ ಉಳಿದೀತು.

ಚಿನ್ನಕ್ಕಿಂತ ಹೆಚ್ಚಾಗಿ ದ್ವೀಪ ಕೇಳುವುದು ಕಾಗದ. ಬಹರೈನ್‌ನಲ್ಲಿ 2009ರ ಕಾನೂನಿನಿಂದ ಹುಟ್ಟಿದ ಆರೋಗ್ಯ ನಿಯಂತ್ರಣ ಪ್ರಾಧಿಕಾರ ಲೈಸೆನ್ಸ್ ಕೊಡದೆ ಯಾರೂ ರೋಗಿಯನ್ನು ಮುಟ್ಟುವಂತಿಲ್ಲ. ಅದಕ್ಕೆ ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಬೇಕು, ಅನುಭವಪತ್ರ ಬೇಕು. ಅಂಕಪಟ್ಟಿ ನಿಜವೇ ಎಂದು ಕಾಲೇಜನ್ನೇ ಕೇಳಿ ತಿಳಿಯುತ್ತಾರೆ. ಹಾಜರಾತಿ ಇಲ್ಲದೆ ಸರ್ಟಿಫಿಕೇಟು ಮಾರುವ ಕಾಲೇಜಿಗೆ ಸೇರಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. 2017ರಲ್ಲಿ ಮಾನ್ಯತೆ ಕೊಡುವ ಅಧಿಕಾರ ಯಾರದೆಂದು ರಾಜ್ಯ ಸರ್ಕಾರಕ್ಕೂ ದೆಹಲಿಯ ಭಾರತೀಯ ಶುಶ್ರೂಷಾ ಪರಿಷತ್ತಿಗೂ ಜಗಳವಾದಾಗ ನಿಜವಾಗಿ ಓದಿದವರೂ ನಿದ್ದೆಗೆಟ್ಟರು.

ಅವಳ ಮೊದಲ ಫೋನು ನಮಗೆ ನೆನಪಿದೆ. ಕುರ್‌ಆನ್ ಓದಲು ಕಲಿತ ಅರಬ್ಬಿ ವಾರ್ಡಿನಲ್ಲಿ ಕೆಲಸಕ್ಕೆ ಬರಲಿಲ್ಲವಂತೆ. ಆದರೆ ನರ್ಸಿಗೆ ಅಲ್ಲಿ ಮುಮರ್ರಿದಾ ಎನ್ನುತ್ತಾರೆ. ನಮ್ಮ ಮರೀಜ್, ಮರ್ಜ್ ಇರುವ ಬೇರಿನಿಂದಲೇ ಬಂದ ಪದ. "ಅರ್ಧ ಪದ ನಮ್ಮವೇ, ಚಾಚಾ" ಎಂದಳು. 1977ರಲ್ಲೇ ಅಲ್ಲೊಂದು ಕನ್ನಡ ಸಂಘ ಹುಟ್ಟಿದ್ದನ್ನು ನಾವು ಹೇಳಿದೆವು. ಅವಳಿಗೆ ಅದು ಗೊತ್ತಿತ್ತು, ರಜೆ ಸಿಕ್ಕರೆ ತಾನೆ ಹೋಗುವುದು ಎಂದು ನಕ್ಕಳು. ಎರಡನೆಯ ವರ್ಷ ಬಳೆಗಳು ಬಿಡುಗಡೆಯಾದವು. ಮೂರನೆಯ ವರ್ಷ ದಾದಿ ನಿಜಕ್ಕೂ ಹಾಸಿಗೆ ಹಿಡಿದರು. ಅವರನ್ನು ನೋಡಿಕೊಳ್ಳಲು ಮನೆಯವರು ಗೊತ್ತುಮಾಡಿದ್ದ ನರ್ಸಿನ ಸಂಬಳ ತಿಂಗಳು ತಿಂಗಳು ಬಹರೈನ್‌ನಿಂದ ಬರುತ್ತಿತ್ತು. ಮುದುಕಿ ಆ ನರ್ಸನ್ನು ಕೊನೆಯವರೆಗೂ 'ಬೇಟಿ' ಎಂದೇ ಕರೆದರು.

ಈಗ ಅವಳು ಇನ್ನೊಂದು ದ್ವೀಪಕ್ಕೆ, ಐರ್ಲೆಂಡಿಗೆ ಹೋಗುವ ಯೋಚನೆಯಲ್ಲಿದ್ದಾಳೆ. ಅದಕ್ಕೆ ಇಲ್ಲಿಯ ಪರಿಷತ್ತಿನಿಂದ ಸನ್ನಡತೆಯ ಪತ್ರ ಹೋಗಬೇಕು. ಅವಳ ತಂದೆಗೆ ಇಂಗ್ಲಿಷ್ ಫಾರಂ ಓದಲು ಬಾರದ ಕಾರಣ ಜೊತೆಗೆ ನಾವು ಹೋಗಿದ್ದೆವು. ಸಾಲು ಉದ್ದವಿತ್ತು. ನಮ್ಮ ಮುಂದೆ ಬುರ್ಖಾ ತೊಟ್ಟ ಇಬ್ಬರು ಹುಡುಗಿಯರು ಫೈಲು ಹಿಡಿದು ನಿಂತಿದ್ದರು. ಯಾವ ಊರೆಂದು ಕೇಳಿದರೆ ಒಬ್ಬಳು ಪಾದರಾಯನಪುರ ಎಂದಳು, ಇನ್ನೊಬ್ಬಳು ಕೆಂಗೇರಿ.