ವಿದ್ಯಾಪೀಠಗಳ ಸಂಶೋಧನೆ ಮತ್ತು ಧರ್ಮಸಾಮರಸ್ಯ

ಜಿನಬಿಂಬ ಪ್ರತಿಷ್ಠೆಯ ಈ ಶುಭಸಂದರ್ಭದಲ್ಲಿ ಬಸದಿಯನ್ನು ಕಟ್ಟಿದ ಶಿಲ್ಪಿಗಳನ್ನೂ ದಾನವಿತ್ತ ಶ್ರಾವಕ ಶ್ರಾವಿಕೆಯರನ್ನೂ ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಇವರೊಡನೆ ಸ್ಮರಣೀಯರಾದ ಇನ್ನೊಂದು ವರ್ಗದವರಿದ್ದಾರೆ. ಓಲೆಗರಿಗಳನ್ನೂ ಶಿಲಾಲೇಖಗಳನ್ನೂ ಶ್ರಮವಹಿಸಿ ಓದಿ, ಜೈನರು ಯಾರೆಂಬುದನ್ನು ಅನ್ಯಧರ್ಮೀಯರಿಗೆ ತಿಳಿಯಪಡಿಸಿದ ವಿದ್ವಾಂಸರೇ ಅವರು. ಅವರಲ್ಲಿ ಅನೇಕರು ಜನ್ಮತಃ ಜೈನರಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ಕೆಲವು ಪಂಡಿತರು ಜೈನಧರ್ಮವನ್ನು ಬೌದ್ಧಧರ್ಮದ ಒಂದು ಶಾಖೆಯೆಂದೇ ಬಗೆದಿದ್ದರು. ಈ ತಪ್ಪು ಗ್ರಹಿಕೆಯನ್ನು ದೂರಮಾಡಿದವರಲ್ಲಿ ಜರ್ಮನಿಯ ಪ್ರಾಧ್ಯಾಪಕ ಹರ್ಮನ್ ಯಾಕೋಬಿ ಅಗ್ರಗಣ್ಯರು. ಶ್ವೇತಾಂಬರ ಸಂಪ್ರದಾಯದ ಕಲ್ಪಸೂತ್ರವನ್ನು ೧೮೭೯ರಲ್ಲಿ ಅವರು ಸಂಪಾದಿಸಿದರು. ೧೮೮೪ರಲ್ಲಿ ಆಚಾರಾಂಗ ಮತ್ತು ಕಲ್ಪಸೂತ್ರಗಳ ಆಂಗ್ಲಾನುವಾದವನ್ನು ಪ್ರಕಟಿಸಿದರು. ಅವರು ಸಾಕ್ಷ್ಯವನ್ನು ಜೈನಗ್ರಂಥಗಳಿಂದ ಮಾತ್ರ ತರಲಿಲ್ಲ, ಬೌದ್ಧರ ಪಾಲಿ ಗ್ರಂಥಗಳಿಂದಲೂ ತಂದರು. ಅಲ್ಲಿ ನಿಗಂಠ ನಾತಪುತ್ತನೆಂದು ಉಕ್ತರಾದವರು ಭಗವಾನ್ ಮಹಾವೀರಸ್ವಾಮಿಗಳೇ ಎಂಬುದನ್ನೂ, ಬೌದ್ಧರು ನಿರ್ಗ್ರಂಥರನ್ನು ಪ್ರತಿವಾದಿಗಳೆಂದು ಕಂಡರೇ ಹೊರತು ತಮ್ಮ ಶಾಖೆಯವರೆಂದು ಕಾಣಲಿಲ್ಲ ಎಂಬುದನ್ನೂ ತೋರಿಸಿದರು. ಹೀಗೆ ಒಂದು ಧರ್ಮದ ಗ್ರಂಥವು ಮತ್ತೊಂದು ಧರ್ಮದ ಪ್ರಾಚೀನತೆಗೆ ಸಾಕ್ಷಿಯಾಯಿತು.

ನಮ್ಮ ನಾಡಿನಲ್ಲಿಯೂ ಇಂತಹ ಉಪಕಾರವಾಗಿದೆ. ಶ್ರವಣಬೆಳಗೊಳದ ಶಾಸನಗಳನ್ನು ೧೮೮೯ರಲ್ಲಿ ರೈಸ್ ಅವರು ಮೊದಲು ಪ್ರಕಟಿಸಿದಾಗ ಅವುಗಳ ಸಂಖ್ಯೆ ೧೪೪, ೧೯೨೩ರಲ್ಲಿ ಆರ್. ನರಸಿಂಹಾಚಾರ್ಯರ ಪರಿಷ್ಕರಣದಲ್ಲಿ ೫೦೦. ೧೯೭೩ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಹೊರತಂದ ಸಂಪುಟದಲ್ಲಿ ೫೭೩.

ಇವುಗಳಲ್ಲಿ ಭಂಡಾರಿ ಬಸದಿಯ ಬಳಿಯಿರುವ ಕ್ರಿ.ಶ. ೧೩೬೮ರ ಶಾಸನವನ್ನು ನಾವೆಲ್ಲರೂ ಅರಿತಿರಬೇಕು. ಜೈನರಿಗೂ ಶ್ರೀವೈಷ್ಣವರಿಗೂ ವಿವಾದವುಂಟಾದಾಗ ಬುಕ್ಕರಾಯನು ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಉಭಯ ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಪಂಚಮಹಾವಾದ್ಯ ಹಾಗೂ ಕಲಶದ ಹಕ್ಕು ಜೈನರಿಗೆ ಸಲ್ಲುವುದೆಂದು ವಿಧಿಸಿದನು. ಜೈನರು ಮನೆಗೆ ವರ್ಷಕ್ಕೆ ಒಂದು ಹಣವನ್ನು ಕೊಡಬೇಕು. ಅದರಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ಕಾವಲಿಗೆ ಇಪ್ಪತ್ತು ಜನರನ್ನು ನೇಮಿಸಬೇಕು. ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಯಿಸಬೇಕು ಎಂಬುದು ಕಟ್ಟಳೆ. ಜಿನನ ಕಾವಲು ವೈಷ್ಣವರ ಹೊಣೆಯಾಯಿತು! ರಾಜನಲ್ಲಿ ಬಿನ್ನವಿಸಿ ಇದನ್ನು ಸಾಧಿಸಿದವನು ಕಲ್ಲೇಹದ ಬುಸುವಿಸೆಟ್ಟಿ. ಉಭಯ ಸಮಯದವರೂ ಕೂಡಿ ಅವನಿಗೆ ಸಂಘನಾಯಕ ಪದವಿಯನ್ನಿತ್ತರು. ವ್ಯಾಪಾರಿಯಾದ ನನಗೆ ಈ ಸೆಟ್ಟಿಯ ಹೆಸರು ಅಭಿಮಾನದ ವಿಷಯ. ವಿದ್ವಾಂಸರು ಓದಿ ಅಚ್ಚು ಹಾಕಿಸದಿದ್ದರೆ ನನ್ನಂತಹವನಿಗೆ ಅದು ಬರಿಯ ಕಲ್ಲಾಗಿಯೇ ಉಳಿಯುತ್ತಿತ್ತು.

೧೯೭೧ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೈನಶಾಸ್ತ್ರ ಹಾಗೂ ಪ್ರಾಕೃತ ಅಧ್ಯಯನ ವಿಭಾಗವು ಪ್ರಾರಂಭವಾಯಿತು. ಬೆಳಗಾವಿ ಜಿಲ್ಲೆಯ ಸದಲಗದಲ್ಲಿ ಜನಿಸಿದ ಡಾ. ಆ.ನೇ. ಉಪಾಧ್ಯೆಯವರು ಅಲ್ಲಿ ಪ್ರಾಧ್ಯಾಪಕರಾದರು. ಮೂಡಬಿದಿರೆಯಲ್ಲಿ ಶತಮಾನಗಳ ಕಾಲ ದರ್ಶನಕ್ಕೆ ಮಾತ್ರ ಮೀಸಲಾಗಿದ್ದ ಧವಲಾ ಗ್ರಂಥವು ೧೯೩೯ರಿಂದ ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಚ್ಚಾದಾಗ ಉಪಾಧ್ಯೆಯವರೂ ಆ ಕಾರ್ಯದಲ್ಲಿ ನೆರವಾಗಿದ್ದರು. ಪೂಜೆಗೊಳ್ಳುತ್ತಿದ್ದ ಗ್ರಂಥವು ಓದುವ ಗ್ರಂಥವಾಯಿತು. ಅದರಿಂದ ಅದರ ಪಾವಿತ್ರ್ಯಕ್ಕೆ ಕುಂದು ಬರಲಿಲ್ಲ.

ಸಂಶೋಧಕರು ಹೇಳುವುದೆಲ್ಲವೂ ನಮಗೆ ಪ್ರಿಯವಾಗಿರದು. ಯಾಕೋಬಿಯವರ ಅನುವಾದದ ಕೆಲವು ಮಾತುಗಳಿಗೆ ನಮ್ಮವರಿಂದಲೇ ಪ್ರತಿಭಟನೆ ಬಂದಿತ್ತು. ಆದರೆ ಅನೇಕಾಂತವನ್ನು ಜಗತ್ತಿಗೆ ಬೋಧಿಸಿದ ನಾವು ಪ್ರಶ್ನೆಗೆ ಅಂಜಬೇಕಾಗಿಲ್ಲ.

ಧರ್ಮಬಂಧುಗಳಲ್ಲಿ ನನ್ನ ವಿನಂತಿ ಇಷ್ಟೇ. ಮನೆಗಳ ಅಟ್ಟದಲ್ಲಿ ಗೆದ್ದಲಿಗೆ ಆಹಾರವಾಗುತ್ತಿರುವ ಓಲೆಗರಿಗಳನ್ನು ಅಧ್ಯಯನಕ್ಕೆ ಒಪ್ಪಿಸೋಣ. ಮಕ್ಕಳಲ್ಲಿ ಒಬ್ಬರಾದರೂ ಪ್ರಾಕೃತ ಕಲಿಯಲಿ. ಉತ್ಸವದ ವೆಚ್ಚದಲ್ಲಿ ಒಂದು ಪಾಲು ಶಾಸ್ತ್ರದಾನಕ್ಕೆ ಸಲ್ಲಲಿ. ನೆರೆಯವರು ನಮ್ಮನ್ನು ಅರಿಯಬೇಕಾದರೆ ಮೊದಲು ನಾವು ಗ್ರಂಥಭಂಡಾರದ ಬಾಗಿಲನ್ನು ತೆರೆಯಬೇಕು.