ಉಕ್ಕಿ ಸೊನ್ನೆಯಾದ ಎಣಿಕೆ

ಒಂದು ವಸ್ತುವನ್ನು ಎಷ್ಟು ಕಡೆ ಬಳಸಲಾಗುತ್ತಿದೆ ಎಂದು ಲಿನಕ್ಸ್ ಕರ್ನಲ್ ಲೆಕ್ಕ ಇಡುತ್ತದೆ. ಲೆಕ್ಕ ಸೊನ್ನೆಗಿಳಿದರೆ ಮೆಮೊರಿ ಬಿಡುಗಡೆ. ಉಪಾಯ ಹಳೆಯದು, ಜಾರ್ಜ್ ಕಾಲಿನ್ಸ್ 1960ರಲ್ಲೇ ಪ್ರಕಟಿಸಿದ್ದು.

2016ರ ಜನವರಿಯಲ್ಲಿ ಇದರ ಹುಳುಕೊಂದು ಬಯಲಾಯಿತು. ಬಳಕೆದಾರ ತನ್ನ ಬಳಿಯಿದ್ದ ಕೀರಿಂಗನ್ನೇ (ಕರ್ನಲ್ ಕಾಯ್ದಿಡುವ ಕೀಲಿಗಳ ಗೊಂಚಲನ್ನೇ) ಮತ್ತೆ ಕೇಳಿದರೆ ಕರ್ನಲ್ ಲೆಕ್ಕ ಏರಿಸುತ್ತಿತ್ತು, ಇಳಿಸಲು ಮರೆಯುತ್ತಿತ್ತು. 3.8ನೇ ಆವೃತ್ತಿಯಿಂದಲೂ ಇದ್ದ ತಪ್ಪು. ಸುಮಾರು 429 ಕೋಟಿ ಸಲ ಕೇಳಿದರೆ 32 ಬಿಟ್‌ಗಳ ಎಣಿಕೆ ಉಕ್ಕಿ ಸೊನ್ನೆಯಾಗುತ್ತಿತ್ತು. ಬಳಕೆಯಲ್ಲಿದ್ದ ಮೆಮೊರಿಯೇ ಬಿಡುಗಡೆಯಾಗಿ, ಸಾಮಾನ್ಯ ಬಳಕೆದಾರ ಇಡೀ ಯಂತ್ರದ ಯಜಮಾನನಾಗಬಹುದಿತ್ತು.

ತಿದ್ದುಪಡಿ? ಒಂದೇ ಸಾಲು!

ಆದರೆ ಇಂಥ ಮರೆವು ಎಲ್ಲೆಲ್ಲಿ ಅಡಗಿದೆಯೋ? 2017ರಲ್ಲಿ, 4.11ನೇ ಆವೃತ್ತಿಗೆ, ಪೀಟರ್ ಜಿಲ್‌ಸ್ಟ್ರಾ ಬರೆದ ಹೊಸ ಎಣಿಕೆ ವಿಧಾನ ಸೇರಿತು. ಇದು ಮಿತಿ ಮುಟ್ಟಿದರೆ ಅಲ್ಲೇ ನಿಲ್ಲುತ್ತದೆ. ಒಂದಿಷ್ಟು ಮೆಮೊರಿ ಸೋರುತ್ತದೆ, ಆದರೆ ಯಂತ್ರ ದಾಳಿಕೋರನಿಗೆ ದಕ್ಕುವುದಿಲ್ಲ. ವೇಗ ಕುಗ್ಗುತ್ತದೆಂದು ನೆಟ್‌ವರ್ಕಿಂಗ್ ವಿಭಾಗದವರು ಗೊಣಗಿದ್ದೂ ಸಹಜವೇ. ಕೀಸ್ ಕುಕ್ ಸಿದ್ಧಪಡಿಸಿದ ಚುರುಕಾದ ರೂಪ 4.14ರಲ್ಲಿ ಬಂತು.