ಯಾವ ಅಗುಳು ಹಿಚುಕಿದಿರಿ?

ಅನ್ನ ಬೆಂದಿದೆಯಾ ಅಂತ ತಿಳಿಯೋಕೆ ಇಡೀ ಪಾತ್ರೆ ಬರಿದು ಮಾಡಬೇಕಿಲ್ಲ, ಒಂದು ಅಗುಳು ಹಿಚುಕಿದರೆ ಸಾಕು. ಅಜ್ಜಿಯರಿಗೆ ಗೊತ್ತಿದ್ದ ಈ ಲೆಕ್ಕವನ್ನೇ ನಾನು ಎಂಜಿನಿಯರಿಂಗ್ ತರಗತಿಯಲ್ಲಿ ಸ್ಯಾಂಪ್ಲಿಂಗ್ ಅಂತ ಓದಿದೆ. ಚುನಾವಣೆ ಬಂದಾಗ ನಮ್ಮ ಟಿವಿ ಪರದೆ ತುಂಬೋದೂ ಇದೇ ಲೆಕ್ಕದಿಂದ. ಆದರೆ ಯಾವ ಅಗುಳು ಹಿಚುಕಿದಿರಿ ಅನ್ನೋದೇ ಪ್ರಶ್ನೆ.

1936ರಲ್ಲಿ ಅಮೆರಿಕದ ಅಧ್ಯಕ್ಷೀಯ ಚುನಾವಣೆ. ಲಿಟರರಿ ಡೈಜೆಸ್ಟ್ ಎಂಬ ಹೆಸರಾಂತ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಅಂಚೆಯಲ್ಲಿ ಮಾದರಿ ಮತಪತ್ರ ಕಳಿಸಿತು. 20 ಲಕ್ಷಕ್ಕೂ ಹೆಚ್ಚು ಉತ್ತರ ಬಂದವು. ಲ್ಯಾಂಡನ್ ಗೆಲ್ಲುತ್ತಾರೆ ಎಂದಿತು ಪತ್ರಿಕೆ. ಗೆದ್ದಿದ್ದು ರೂಸ್‌ವೆಲ್ಟ್, ಅದೂ 48 ರಾಜ್ಯಗಳ ಪೈಕಿ 46ರಲ್ಲಿ!

ತಪ್ಪಿದ್ದೆಲ್ಲಿ? ವಿಳಾಸಗಳನ್ನು ಹೆಚ್ಚಾಗಿ ಹೆಕ್ಕಿದ್ದು ಟೆಲಿಫೋನ್ ಡೈರೆಕ್ಟರಿ, ಕಾರು ನೋಂದಣಿ ಪಟ್ಟಿಗಳಿಂದ. ಆರ್ಥಿಕ ಕುಸಿತದ ಆ ಕಾಲದಲ್ಲಿ ಫೋನು, ಕಾರು ಯಾರ ಮನೆಯಲ್ಲಿದ್ದವು, ನೀವೇ ಹೇಳಿ. ಉತ್ತರ ಕಳಿಸದೆ ಸುಮ್ಮನಿದ್ದವರಲ್ಲೂ ರೂಸ್‌ವೆಲ್ಟ್ ಪರ ಇದ್ದವರೇ ಹೆಚ್ಚು. ಅತ್ತ ಜಾರ್ಜ್ ಗ್ಯಾಲಪ್ ಅದಕ್ಕಿಂತ ಎಷ್ಟೋ ಕಡಿಮೆ ಜನರನ್ನು ಕೇಳಿ, ಗೆಲ್ಲೋದು ಯಾರು ಅಂತ ಸರಿಯಾಗಿ ಹೇಳಿದ್ದರು. ಎರಡು ವರ್ಷದಲ್ಲಿ ಡೈಜೆಸ್ಟ್ ಬಾಗಿಲು ಮುಚ್ಚಿತು.

ನಮ್ಮಲ್ಲಿ 2004 ನೆನಪಿದೆಯಾ? 'ಭಾರತ ಪ್ರಕಾಶಿಸುತ್ತಿದೆ' ಅನ್ನೋ ಪ್ರಚಾರದ ಅಬ್ಬರ. ವಾಜಪೇಯಿ ಸರ್ಕಾರವೇ ಮರಳುತ್ತೆ ಅಂತ ಹೆಚ್ಚಿನ ಸಮೀಕ್ಷೆಗಳು ಹೇಳಿದ್ದವು. ಬಂದಿದ್ದು ಕಾಂಗ್ರೆಸ್‌ಗೆ 145, ಬಿಜೆಪಿಗೆ 138. 2024ರಲ್ಲೂ ಅಷ್ಟೇ. ಸಮೀಕ್ಷೆ ನಂಬಿ ಜೂನ್ 3ರಂದು ಜಿಗಿದ ಷೇರುಪೇಟೆ ಮರುದಿನ ಮುಗ್ಗರಿಸಿತು. ಎನ್‌ಡಿಎ 293ಕ್ಕೆ ನಿಂತಿತು.

ಹಾಗಂತ ಸಮೀಕ್ಷೆಗಳೇ ಬೇಡ ಅನ್ನೋಣವಾ? ಬೇಡ. ರಜನಿ ಕೊಠಾರಿ 1963ರಲ್ಲಿ ದೆಹಲಿಯಲ್ಲಿ ಕಟ್ಟಿದ ಸಿಎಸ್‌ಡಿಎಸ್ ಸಂಸ್ಥೆ ಸೀಟು ಎಣಿಸೋದಕ್ಕಿಂತ ದೊಡ್ಡ ಪ್ರಶ್ನೆಯೊಂದನ್ನು ಕೇಳಿತ್ತು: ನಿಮ್ಮ ಒಂದು ವೋಟಿನಿಂದ ದೇಶದಲ್ಲಿ ಏನಾದರೂ ಬದಲಾಗುತ್ತಾ? 1971ರಲ್ಲಿ ಹೌದು ಎಂದವರು ಅರ್ಧಕ್ಕಿಂತ ಸ್ವಲ್ಪ ಕಡಿಮೆ. 1996ರಲ್ಲಿ ಅರ್ಧಕ್ಕಿಂತ ಸ್ಪಷ್ಟವಾಗಿ ಹೆಚ್ಚು. ನಡುವೆ ತುರ್ತು ಪರಿಸ್ಥಿತಿ ಬಂದಿತ್ತು, ಸರ್ಕಾರಗಳು ಉರುಳಿದ್ದವು, ಹಗರಣಗಳಾಗಿದ್ದವು. ಆದರೂ ವೋಟಿನ ಮೇಲಿನ ನಂಬಿಕೆ ಬೆಳೆಯಿತು. ಉಳ್ಳವರಿಗಿಂತ ಬಡವರೇನೂ ಕಡಿಮೆ ವೋಟು ಹಾಕೋದಿಲ್ಲ ಅನ್ನೋದನ್ನೂ ಇದೇ ಅಧ್ಯಯನಗಳು ತೋರಿಸಿಕೊಟ್ಟವು. 'ಓದಿದವರಷ್ಟೇ ಪ್ರಜಾಪ್ರಭುತ್ವ ಉಳಿಸೋರು' ಅನ್ನುವವರಿಗೆ ಇದಕ್ಕಿಂತ ಉತ್ತರ ಬೇಕಾ?

ಆದರೆ ಆ ಸಂಖ್ಯೆಗಳಿಗೆ ಪರದೆಯ ಮೇಲೆ ಜಾಗ ಸಿಗೋದು ಕಮ್ಮಿ. ಯಾರು ಗೆಲ್ತಾರೆ ಅನ್ನೋದು ಎಣಿಕೆಯ ದಿನ ಹೇಗೂ ಗೊತ್ತಾಗುತ್ತೆ. ಜನ ಏನು ಬಯಸುತ್ತಾರೆ, ಯಾರನ್ನು ನಂಬುತ್ತಾರೆ ಅನ್ನೋದು ಕೇಳದಿದ್ದರೆ ಗೊತ್ತಾಗೋದೇ ಇಲ್ಲ. ಮುಂದಿನ ಸಲ ನನ್ನಂಥವರು ಸೀಟುಗಳ ಅಂಕಿ ಹಿಡಿದು ನಿಂತಾಗ ಮೂರು ಪ್ರಶ್ನೆ ಕೇಳಿ: ಯಾರನ್ನು ಕೇಳಿದಿರಿ? ಎಷ್ಟು ಜನ ಉತ್ತರ ಕೊಡಲಿಲ್ಲ? ಖರ್ಚು ಕೊಟ್ಟವರು ಯಾರು? ಉತ್ತರ ಸಿಗದಿದ್ದರೆ ಚಾನೆಲ್ ಬದಲಿಸಿ, ನಮ್ಮದಾದರೂ ಸರಿ.